ಡಿಸ್ಕಿಗೆ ಬೀಗ ಹಾಕಿಸ್ಲಾ ಅಂತ ಕೇಳಿದ ಮೇಷ್ಟ್ರಿಗೆ

ಪ್ರಶ್ನೆ: ನಾನು ಸಾಗರ ಕಡೆಯ ನಿವೃತ್ತ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ರಿಟೈರ್ ಆದ್ಮೇಲೆ ನಮ್ಮ ಸುತ್ತಿನ ಗಿಡಮರಗಳ ಬಗ್ಗೆ ಪವರ್‌ಪಾಯಿಂಟಲ್ಲಿ 180 ಸ್ಲೈಡಿನ ಪ್ರೆಸೆಂಟೇಶನ್ ಮಾಡಿ, ನನ್ನದೇ ದನಿಯಲ್ಲಿ ವಿವರಣೆ ಸೇರಿಸಿ, ಡಿವಿಡಿಗೆ ಬರೆಸಿ 250 ರೂಪಾಯಿಗೆ ಶಾಲೆಗಳಿಗೆ ಕೊಡ್ತಾ ಇದೀನಿ. 60 ಡಿಸ್ಕ್ ಹೋಗಿದೆ. ಮೊನ್ನೆ ಒಂದು ತರಬೇತಿಗೆ ಹೋದಾಗ ಇನ್ನೊಬ್ಬ ಮೇಷ್ಟ್ರು ನನ್ನದೇ ಸ್ಲೈಡುಗಳನ್ನ, ಮೊದಲ ಪುಟ ತೆಗೆದು ತಮ್ಮ ಹೆಸರು ಹಾಕ್ಕೊಂಡು ತೋರಿಸ್ತಾ ಇದ್ರು. ಡಿಸ್ಕ್ ಕಾಪಿ ಆಗದ ಹಾಗೆ ಲಾಕ್ ಮಾಡೋದು ಹೇಗೆ? ಇಲ್ಲಿನ ಕಂಪ್ಯೂಟರ್ ಅಂಗಡಿ ಹುಡುಗ 8,000 ರೂಪಾಯಿಗೆ ಲಾಕ್ ಹಾಕ್ಕೊಡ್ತೀನಿ ಅಂತಿದಾನೆ. ಹಾಕಿಸ್ಲಾ?

ಉತ್ತರ: ಮೇಷ್ಟ್ರೇ, ಮೊದ್ಲು ಆ 8,000 ನಿಮ್ಮ ಜೇಬಲ್ಲೇ ಇರ್ಲಿ. 60 ಡಿಸ್ಕು 250ರ ಲೆಕ್ಕದಲ್ಲಿ ಒಟ್ಟು ಬಂದಿದ್ದೇ 15,000, ಅದ್ರಲ್ಲಿ ಖಾಲಿ ಡಿವಿಡಿ, ಬಾಕ್ಸು, ಅಂಚೆ ಖರ್ಚು ಎಲ್ಲ ತೆಗೆದ್ಮೇಲೆ ಉಳಿಯೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬೀಗಕ್ಕೇ ಹೋದ್ರೆ ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ. ಆ ಹುಡುಗನ್ನ ಬೈತಿಲ್ಲ ನಾನು, ಅವನು ಹಾಕೋದು ನಿಜವಾದ ಲಾಕೇ ಇರ್ಬೋದು, ಆದ್ರೆ ನಿಮಗೆ ಆಗಿರೋ ಕಳ್ಳತನಕ್ಕೂ ಅವನು ಮಾರ್ತಿರೋ ಬೀಗಕ್ಕೂ ಸಂಬಂಧ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಾನು ಬೆಂಗಳೂರಲ್ಲಿ ಹತ್ತು ಹನ್ನೆರಡು ವರ್ಷ ಸಿಡಿ ಡಿವಿಡಿ ಬರೆದುಕೊಡೋ ಕೆಲ್ಸ ಮಾಡಿದೋನು, ಒಂದು ಮಾಸ್ಟರ್ ಹಾಕಿದ್ರೆ ಒಂದೇ ಸಲಕ್ಕೆ ಏಳು ಕಾಪಿ ಬರೆಯೋ ಟವರ್ ಇಟ್ಕೊಂಡು, ಮದುವೆ ಆಲ್ಬಮ್ಮಿಂದ ಹಿಡಿದು ಸಿಇಟಿ ಪಾಠದ ತನಕ ಎಲ್ಲ ಬರೆದಿದೀನಿ. ಬಂದ ಗಿರಾಕಿಗಳಲ್ಲಿ ಅರ್ಧ ಜನ ಕೇಳ್ತಿದ್ದಿದ್ದು ಇದೇ ಪ್ರಶ್ನೆ. ತಮಾಷೆ ಅಂದ್ರೆ ಉಳಿದ ಅರ್ಧ ಜನ ಬೇರೆಯವರ ಡಿಸ್ಕ್ ತಂದು ಇದನ್ನ ಕಾಪಿ ಮಾಡ್ಕೊಡ್ತೀರಾ ಅಂತ ಕೇಳ್ತಿದ್ರು.

ಕಳ್ಳ ಯಾರು ಅನ್ನೋದು ಮೊದ್ಲು ತೀರ್ಮಾನ ಆಗ್ಬೇಕು. ಡಿಸ್ಕ್ ಪೋಸ್ಟಲ್ಲಿ ಕಳೆದುಹೋಯ್ತು, ಯಾರೋ ದಾರೀಲಿ ಹೋಗೋನ ಕೈಗೆ ಸಿಕ್ತು ಅನ್ನೋ ಭಯ ಇದ್ರೆ ಅದಕ್ಕೆ ಗಟ್ಟಿ ಔಷಧ ಇದೆ. ಫೈಲನ್ನ ಸೆವೆನ್‌ಜಿಪ್ ಅನ್ನೋ ಸಾಫ್ಟ್‌ವೇರಲ್ಲಿ ಎಇಎಸ್ 256 ಎನ್‌ಕ್ರಿಪ್ಷನ್, ಅಂದ್ರೆ ಪಾಸ್‌ವರ್ಡ್ ಇಲ್ದೆ ಓದಕ್ಕಾಗದ ಗುಟ್ಟುಲಿಪಿ ಹಾಕಿ ಉದ್ದನೆ ಪಾಸ್‌ವರ್ಡ್ ಕೊಟ್ಟು ಡಿಸ್ಕಿಗೆ ಬರೀರಿ, ಪಾಸ್‌ವರ್ಡನ್ನ ಫೋನಲ್ಲಿ ಹೇಳಿ, ಸಿಕ್ಕವನು ತಲೆಕೆಳಗಾದ್ರೂ ತೆಗೆಯಕ್ಕಾಗಲ್ಲ. ಸೆವೆನ್‌ಜಿಪ್ ಪುಕ್ಕಟೆ ಸಿಗತ್ತೆ, 8 ರೂಪಾಯೀನೂ ಖರ್ಚಿಲ್ಲ. ಆದ್ರೆ ನಿಮ್ಮ ಸ್ಲೈಡ್ ಕದ್ದವರು ದಾರಿಹೋಕರಲ್ಲವಲ್ಲ, ನಿಮ್ಮ 60 ಗಿರಾಕಿಗಳಲ್ಲೇ ಯಾರೋ ಒಬ್ಬರು, ಇಲ್ಲಾ ಅವರ ಹತ್ರ ಇಸ್ಕೊಂಡವರು. ಅವರಿಗೆ ಪಾಸ್‌ವರ್ಡ್ ಕೊಡ್ಲೇಬೇಕು, ಇಲ್ದಿದ್ರೆ 250 ಕೊಟ್ಟು ಅವರು ನೋಡೋದು ಏನನ್ನ? ಬೀಗ ಹಾಕಿ ಬೀಗದಕೈನ ಅದೇ ಬಾಗಿಲ ಚಿಲಕಕ್ಕೆ ನೇತಾಕಿ ಬಂದ ಹಾಗೆ ಇದು. ಪಾಸ್‌ವರ್ಡು ಡಿಸ್ಕಿನ ಜೊತೆಗೇ ವಾಟ್ಸಾಪಲ್ಲಿ ಊರೂರು ತಿರುಗತ್ತೆ, ನಾನು ನೋಡಿರೋ ಒಂದು ಡಿಸ್ಕಲ್ಲಂತೂ ಬಾಕ್ಸಿನ ಮೇಲೇ ಸ್ಕೆಚ್ ಪೆನ್ನಲ್ಲಿ ಬರೆದಿಟ್ಟಿದ್ರು ಮರೆತುಹೋಗತ್ತೆ ಅಂತ.

ಈ ತೊಂದರೆ ನಿಮಗೊಬ್ಬರಿಗೇ ಬಂದಿದ್ದಲ್ಲ, ಸಾವಿರಾರು ಕೋಟಿ ಇರೋ ಕಂಪನಿಗಳೇ ಇದ್ರಲ್ಲಿ ಮುಗ್ಗರಿಸಿವೆ. ಸಿನಿಮಾ ಡಿವಿಡಿಗಳಿಗೆ ಸಿಎಸ್ಎಸ್ ಅನ್ನೋ ಬೀಗ ಇತ್ತು, ಡಿವಿಡಿ ಬಂದ ಕಾಲದಿಂದ್ಲೂ, 40 ಬಿಟ್ಟಿನ ಕೀ. 40 ಬಿಟ್ ಅಂದ್ರೆ ಸುಮಾರು 1.1 ಲಕ್ಷ ಕೋಟಿ ಕೀಗಳಲ್ಲಿ ಒಂದು, ಕೇಳಕ್ಕೆ ದೊಡ್ಡದು, ಕಂಪ್ಯೂಟರಿಗೆ ಏನೂ ಅಲ್ಲ. ಅದನ್ನ ತೆಗೆಯಕ್ಕೆ ಅಷ್ಟು ಕಷ್ಟನೂ ಪಡ್ಲಿಲ್ಲ ಯಾರೂ, ಡಿವಿಡಿ ಪ್ಲೇ ಮಾಡೋ ಪ್ರತಿ ಸಾಫ್ಟ್‌ವೇರಿನ ಒಳಗೂ ಕೀ ಇರ್ಲೇಬೇಕಲ್ಲ, ಒಂದು ಸಾಫ್ಟ್‌ವೇರಿನವರು ಅದನ್ನ ಸರಿಯಾಗಿ ಬಚ್ಚಿಟ್ಟಿರ್ಲಿಲ್ಲ. 1999ರ ಅಕ್ಟೋಬರಲ್ಲಿ ಡಿಸಿಎಸ್ಎಸ್ ಅನ್ನೋ ಚಿಕ್ಕ ಪ್ರೋಗ್ರಾಮ್ ಇಂಟರ್ನೆಟ್ಟಿಗೆ ಬಂತು, ಅದ್ರ ಹಿಂದೆ ಇದ್ದೋರಲ್ಲಿ ಒಬ್ಬ ನಾರ್ವೆ ದೇಶದ ಯೋನ್ ಯೋಹಾನ್ಸನ್, ಆಗ ಅವನಿಗೆ 15 ವರ್ಷ, ನಿಮ್ಮ ಎಸ್ಸೆಸ್ಸೆಲ್ಸಿ ಹುಡುಗರ ವಯಸ್ಸು. ಕೇಸು ಹಾಕಿದ್ರು, 2003ರಲ್ಲಿ ಕೆಳಗಿನ ಕೋರ್ಟಲ್ಲೂ ಮೇಲಿನ ಕೋರ್ಟಲ್ಲೂ ಅವನು ಗೆದ್ದ, ತಾನೇ ದುಡ್ಡು ಕೊಟ್ಟು ತಂದ ಡಿಸ್ಕನ್ನ ತಾನು ನೋಡಿದ್ರಲ್ಲಿ ತಪ್ಪೇನು ಅಂತ. ಡಿವಿಡಿ ಆದ್ಮೇಲೆ ಬ್ಲೂರೇ ಅನ್ನೋ ಡಿಸ್ಕ್ ಬಂದಾಗ ಇನ್ನೂ ಗಟ್ಟಿ ಬೀಗ ಹಾಕಿದ್ರು, ಅದ್ರ ಒಂದು ಕೀ 2007ರಲ್ಲಿ ಹೊರಗೆ ಬಂದು ಜನ ಅದನ್ನ ಟೀಶರ್ಟ್ ಮೇಲೆ ಪ್ರಿಂಟ್ ಹಾಕಿಸ್ಕೊಂಡು ಓಡಾಡಿದ್ರು. ನೀವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರ್ತಾರೆ.

ಗೇಮ್ ಡಿಸ್ಕುಗಳ ಬೀಗ ಇನ್ನೊಂದು ತರ. ಸಿಡಿ ಮೇಲೆ ಸಣ್ಣ ಗೀರು ಬಿದ್ರೂ ಹಾಡು ನಿಲ್ಲಲ್ಲ ಅಲ್ವಾ, ಯಾಕಂದ್ರೆ ಡೇಟಾದ ಜೊತೆಗೆ ತಪ್ಪು ತಿದ್ದೋ ಲೆಕ್ಕವನ್ನೂ ಹೆಚ್ಚುವರಿಯಾಗಿ ಬರೆದಿರ್ತಾರೆ, ಒಂದೆರಡು ಮಿಲಿಮೀಟರ್ ಜಾಗ ಹಾಳಾದ್ರೂ ಪ್ಲೇಯರ್ ಅದನ್ನ ಲೆಕ್ಕ ಹಾಕಿ ತುಂಬ್ಕೊಳತ್ತೆ. ಸೇಫ್‌ಡಿಸ್ಕ್ ಮುಂತಾದ ಬೀಗಗಳು ಡಿಸ್ಕಲ್ಲಿ ಬೇಕಂತಲೇ ಓದಕ್ಕಾಗದ, ಇಲ್ಲಾ ಬರೆಯಕ್ಕೆ ಕಷ್ಟ ಆಗೋ ಜಾಗಗಳನ್ನ ಇಡ್ತಿದ್ವು. ಮಾಮೂಲಿ ಬರ್ನರ್, ಅಂದ್ರೆ ಡಿಸ್ಕ್ ಬರೆಯೋ ಡ್ರೈವ್, ಕಾಪಿ ಮಾಡುವಾಗ ಅಲ್ಲಿ ಮುಗ್ಗರಿಸತ್ತೆ, ಗೇಮ್ ಶುರುವಾಗುವಾಗ ಆ ಹಾಳು ಜಾಗ ಇದೆಯಾ ನೋಡತ್ತೆ, ಇಲ್ಲಾಂದ್ರೆ ಇದು ಕಾಪಿ ಅಂತ ತೀರ್ಮಾನ. ಬುದ್ಧಿವಂತಿಕೆಯೇ. ಆಮೇಲೆ ಆ ಹಾಳು ಜಾಗವನ್ನೂ ಹಾಗ್ಹಾಗೇ ನಕಲು ಮಾಡೋ ಸಾಫ್ಟ್‌ವೇರ್ ಬಂತು, ಅದು ಬೇರೆ ಮಾತು. ನಿಜವಾದ ತಮಾಷೆ ಆಗಿದ್ದು 2015ರಲ್ಲಿ, ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕಿಗೆ ಬೇಕಾದ ಡ್ರೈವರ್ ಅನ್ನೋ ಪುಟ್ಟ ಪ್ರೋಗ್ರಾಮಿಂದ ಸೆಕ್ಯುರಿಟಿ ತೊಂದರೆ ಅಂತ ಮೈಕ್ರೋಸಾಫ್ಟ್ ಅದನ್ನ ಕೈಬಿಡ್ತು. ದುಡ್ಡು ಕೊಟ್ಟು ಒರಿಜಿನಲ್ ಡಿಸ್ಕ್ ತಗೊಂಡೋರ ಗೇಮ್ ಓಡೋದು ನಿಂತೋಯ್ತು, ಬೀಗ ಮುರಿದ ಕಳ್ಳ ಕಾಪಿ ಇಟ್ಕೊಂಡೋರದ್ದು ಆರಾಮಾಗಿ ಓಡ್ತಾ ಇತ್ತು.

ಹಾಗಾದ್ರೆ ಯಾವ ಡಿಸ್ಕಿನ ಬೀಗವೂ ಕೆಲ್ಸ ಮಾಡಿಲ್ವಾ ಅಂದ್ರೆ ಸ್ವಲ್ಪ ಮಟ್ಟಿಗೆ ಮಾಡಿದ್ದು ಟಿವಿಗೆ ಹಾಕಿ ಗೇಮ್ ಆಡೋ ಪೆಟ್ಟಿಗೆ, ಮೊದಲನೇ ಪ್ಲೇಸ್ಟೇಷನ್ನಿಂದು, 1994ರದ್ದು. ಡಿಸ್ಕಿನ ಒಳಸುತ್ತಿನ ಗೆರೆಯಲ್ಲೇ ಒಂದು ನಡುಕ ಇರ್ತಿತ್ತು, ಆ ನಡುಕದಲ್ಲಿ ನಾಲ್ಕಕ್ಷರದ ಗುರುತು, ಮನೆ ಬರ್ನರ್ ಡೇಟಾನ ಮಾತ್ರ ಬರೆಯತ್ತೆ, ಖಾಲಿ ಡಿಸ್ಕಲ್ಲಿ ಮೊದಲೇ ಕೊರೆದಿರೋ ಗೆರೆಯ ನಡುಕವನ್ನ ಬದಲಾಯಿಸಕ್ಕೆ ಅದ್ರ ಕೈಲಿ ಆಗಲ್ಲ. ಆ ಗುರುತು ಕಾಣ್ದಿದ್ರೆ ಪ್ಲೇಸ್ಟೇಷನ್ ಡಿಸ್ಕನ್ನ ಮುಟ್ತಾನೇ ಇರ್ಲಿಲ್ಲ. ಆದ್ರೆ ಇಲ್ಲಿ ಡಿಸ್ಕ್ ಮಾಡಿದೋರೂ ಪೆಟ್ಟಿಗೆ ಮಾಡಿದೋರೂ ಒಬ್ರೇ, ಸೋನಿಯವ್ರು. ಪೆಟ್ಟಿಗೆ ಅವರು ಹೇಳಿದ ಮಾತು ಕೇಳತ್ತೆ. (ಅದಕ್ಕೂ ಮಾಡ್‌ಚಿಪ್ ಅಂತ ಬಂತು, ಪೆಟ್ಟಿಗೆ ಬಿಚ್ಚಿ ಚಿಪ್ ಬೆಸುಗೆ ಹಾಕ್ಕೊಡೋರು ಗಲ್ಲಿಗೊಬ್ರು ಹುಟ್ಕೊಂಡ್ರು.) ನಿಮ್ಮ ವಿಷಯದಲ್ಲಿ ಡಿಸ್ಕ್ ಮಾತ್ರ ನಿಮ್ದು, ಅದನ್ನ ಓದೋ ಕಂಪ್ಯೂಟರ್ ಶಾಲೆಯವ್ರದ್ದು. ಅದು ನಿಮ್ಮ ಮಾತು ಯಾಕೆ ಕೇಳತ್ತೆ?

ಕೇಳಿಸೋ ಹಾಗೆ ಮಾಡ್ತೀವಿ ಅಂತ ಹೊರಟೋರ ಕಥೆನೂ ಇದೆ. 2005ರಲ್ಲಿ ಸೋನಿ ಬಿಎಂಜಿ ಹಾಡಿನ ಸಿಡಿಗಳಲ್ಲಿ ಒಂದು ಸಾಫ್ಟ್‌ವೇರ್ ಸೇರಿಸಿದ್ರು, ಸಿಡಿ ಹಾಕಿದ ಕಂಪ್ಯೂಟರಿನ ಒಳಗೆ ಅದು ಬಚ್ಚಿಟ್ಕೊಂಡು ಬೇಕಾದಷ್ಟು ಕಾಪಿ ಮಾಡಕ್ಕೆ ಬಿಡ್ತಿರ್ಲಿಲ್ಲ. ಬಚ್ಚಿಟ್ಕೊಳೋ ರೀತಿ ಥೇಟ್ ವೈರಸ್ಸಿಂದು. ಅಕ್ಟೋಬರ್ 31ಕ್ಕೆ ಮಾರ್ಕ್ ರುಸಿನೋವಿಚ್ ಅನ್ನೋ ವಿಂಡೋಸ್ ಪರಿಣಿತರು ತಮ್ಮ ಕಂಪ್ಯೂಟರಲ್ಲೇ ಅದನ್ನ ಹಿಡಿದು ಬರೆದ್ರು, ಕೆಲವೇ ದಿನದಲ್ಲಿ ನಿಜವಾದ ವೈರಸ್ ಮಾಡೋರು ಆ ಮರೆಯಲ್ಲೇ ತಮ್ಮ ವೈರಸ್ ಬಚ್ಚಿಡಕ್ಕೆ ಶುರು ಮಾಡಿದ್ರು, ನವೆಂಬರಲ್ಲಿ ಕಂಪನಿ ಸಿಡಿಗಳನ್ನ ವಾಪಸ್ ತಗೋಬೇಕಾಯ್ತು, ಕೋರ್ಟು ಕಚೇರಿ ಎಲ್ಲ ಆಯ್ತು. ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಕಥೆ.

ನಾನೂ ಸಣ್ಣದಾಗಿ ಅದೇ ಕೆಲ್ಸ ಮಾಡಿದೀನಿ, ಹೇಳ್ಕೊಳಕ್ಕೆ ನಾಚಿಕೆ ಏನಿಲ್ಲ. 2007ರ ಸುಮಾರು, ಪಿಯುಸಿ ಪಾಠದ ಡಿಸ್ಕ್ ಮಾಡಿಸ್ತಿದ್ದ ಒಬ್ಬ ಗಿರಾಕಿ ಹಠ ಹಿಡಿದ್ರು, ಲಾಕ್ ಬೇಕೇ ಬೇಕು ಅಂತ. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್ಪಿ ರೋಡಲ್ಲಿ ಒಂದು ಸಾಫ್ಟ್‌ವೇರ್ ತಂದು ಪ್ರೆಸೆಂಟೇಶನ್ನನ್ನ ಡಾಟ್ ಇಎಕ್ಸ್ಇ, ಅಂದ್ರೆ ಪ್ರೋಗ್ರಾಮ್ ತರ ತಾನೇ ಓಡೋ ಫೈಲ್ ಮಾಡಿ, ಒರಿಜಿನಲ್ ಡಿಸ್ಕ್ ಡ್ರೈವಲ್ಲಿ ಇದ್ರೆ ಮಾತ್ರ ಓಡೋ ಹಾಗೆ ಮಾಡ್ಕೊಟ್ಟೆ. 500 ಡಿಸ್ಕ್. ಒಂದು ವಾರಕ್ಕೆ ಫೋನ್ ಶುರು ಆಯ್ತು ನೋಡಿ. ಆಂಟಿವೈರಸ್ಸು ಇದನ್ನ ವೈರಸ್ ಅಂತ ಅಳಿಸಿಹಾಕ್ತು ಅಂತ ಒಬ್ರು, ಆಗಿನ ಹೊಸ ವಿಂಡೋಸ್ ವಿಸ್ತಾದಲ್ಲಿ ಓಪನ್ನೇ ಆಗಲ್ಲ ಅಂತ ಇನ್ನೊಬ್ರು, ಹಳೇ ಡ್ರೈವಲ್ಲಿ ಒರಿಜಿನಲ್ ಹಾಕಿದ್ರೂ ಕಾಪಿ ಅಂತ ಬೈಯತ್ತೆ ಅಂತ ಮತ್ತೊಬ್ರು. ಮಗಳ ಪರೀಕ್ಷೆ ನಾಳಿದ್ದು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತ ತಾಯಿಯೊಬ್ರನ್ನ ನಾನು ಇವತ್ತಿಗೂ ಮರೆತಿಲ್ಲ. ಕಾಪಿ ಮಾಡೋರು ಏನ್ ಮಾಡಿದ್ರು ಗೊತ್ತಾ, ಪಾಠ ಓಡ್ತಿರುವಾಗ ಸ್ಕ್ರೀನ್ ರೆಕಾರ್ಡ್ ಮಾಡಿ ವಿಡಿಯೋ ಸಿಡಿ ಮಾಡಿ ಅರ್ಧ ರೇಟಿಗೆ ಮಾರಿದ್ರು. ಅವರ ಕಾಪಿ ನಮ್ಮ ಒರಿಜಿನಲ್ಲಿಗಿಂತ ಚೆನ್ನಾಗಿ ಓಡ್ತಿತ್ತು!

ಇವತ್ತು ಆ ದಾರಿ ಇನ್ನೂ ಸಲೀಸು. ವಿಂಡೋಸಲ್ಲೇ ಸ್ಕ್ರೀನ್ ರೆಕಾರ್ಡರ್ ಇದೆ. ಸ್ಕ್ರೀನ್‌ಶಾಟ್ ತೆಗೆದ್ರೆ ಕಪ್ಪಗೆ ಬರೋ ಹಾಗೆ ಮಾಡೋ ಅನುಕೂಲವೂ ವಿಂಡೋಸಲ್ಲಿದೆ, ನಿಮ್ಮ ಹುಡುಗ ಬಹುಶಃ ಅದನ್ನೇ ತೋರಿಸಿ ನಿಮ್ಮನ್ನ ಮೆಚ್ಚಿಸಿರ್ಬೋದು. ಆದ್ರೆ ಪ್ರೊಜೆಕ್ಟರ್ ಎದುರು ಮೊಬೈಲ್ ಹಿಡ್ಕೊಂಡು ಕೂತೋನಿಗೆ ಏನ್ ಮಾಡ್ತೀರಾ? ಕಣ್ಣಿಗೆ ಕಂಡಿದ್ದು ಕ್ಯಾಮೆರಾಗೂ ಕಾಣತ್ತೆ.

ಸಿನಿಮಾದವರ ತರ ಸಿಎಸ್ಎಸ್ಸಾದ್ರೂ ಹಾಕಿಸ್ಕೋಬೋದಾ ಅಂತ ಕೇಳೋರಿದಾರೆ. ಅಂಗಡೀಲಿ ಸಿಗೋ ಖಾಲಿ ಡಿವಿಡಿಯಲ್ಲಿ ಆ ಕೀ ಬರೆಯೋ ಜಾಗವನ್ನ ಫ್ಯಾಕ್ಟರೀಲೇ ಮುಚ್ಚಿರ್ತಾರೆ, ನೀವು ಬರೆಯಕ್ಕಾಗಲ್ಲ. ಹಾಕ್ಬೇಕಂದ್ರೆ ಗಾಜಿನ ಮಾಸ್ಟರ್ ಮಾಡಿ ಅಚ್ಚೊತ್ತೋ ಫ್ಯಾಕ್ಟರಿಗೆ ಹೋಗ್ಬೇಕು, ಅಲ್ಲಿ ಐನೂರೋ ಸಾವಿರವೋ ಡಿಸ್ಕಿಗಿಂತ ಕಡಿಮೆ ಆರ್ಡರ್ ತಗೊಳಲ್ಲ, ಲೈಸೆನ್ಸ್ ಬೇರೆ. ಇನ್ನು ಡಾಂಗಲ್, ಹಿಂದೆ ಡಿಟಿಪಿ ಮಾಡ್ತಿದ್ದೋರಿಗೆ ಚೆನ್ನಾಗಿ ನೆನಪಿರತ್ತೆ, ಕನ್ನಡ ಸಾಫ್ಟ್‌ವೇರ್ ಜೊತೆ ಪ್ರಿಂಟರ್ ಪೋರ್ಟಿಗೆ ಚುಚ್ಚೋ ಒಂದು ಡಬ್ಬಿ ಬರ್ತಿತ್ತು, ಅದು ಕಳೆದ್ರೆ ಅಂಗಡಿ ಬಂದ್. 250 ರೂಪಾಯಿ ಡಿಸ್ಕಿಗೆ ಅದು ಹೊಂದಲ್ಲ, ಬಿಡಿ.

ಈಗ ಪವರ್‌ಪಾಯಿಂಟಿಗೆ ಬರೋಣ, ನಿಮಗೆ ಏಟು ಬಿದ್ದಿರೋದು ಅಲ್ಲೇ. ನೀವು ಡಿಸ್ಕಿಗೆ ಬರೆಸ್ತಿರೋದು ಪವರ್‌ಪಾಯಿಂಟ್ ಫೈಲನ್ನೇ ಅನ್ಸತ್ತೆ, ಇಲ್ದಿದ್ರೆ ಮೊದಲ ಪುಟ ತೆಗೆದು ಹೆಸರು ಹಾಕ್ಕೊಳೋದು ಅಷ್ಟು ಸುಲಭ ಆಗ್ತಿರ್ಲಿಲ್ಲ. ಅಡುಗೆ ಬಡಿಸೋ ಬದಲು ಅಡುಗೆಮನೆಯನ್ನೇ ಕೊಟ್ಟಿದೀರ ನೀವು. ಕೆಲವರು ಅದನ್ನ ಪಿಪಿಎಸ್ಎಕ್ಸ್ ಅಂದ್ರೆ ಷೋ ಫೈಲ್ ಮಾಡಿ ಕೊಟ್ಟು ಈಗ ಎಡಿಟ್ ಆಗಲ್ಲ ಅನ್ಕೊಳ್ತಾರೆ, ಡಬಲ್ ಕ್ಲಿಕ್ ಮಾಡಿದ್ರೆ ನೇರ ಷೋ ಶುರುವಾಗತ್ತೆ ಅಷ್ಟೇ, ಪವರ್‌ಪಾಯಿಂಟ್ ಒಳಗಿಂದ ತೆಗೆದ್ರೆ ಎಲ್ಲ ಎಡಿಟ್ ಆಗತ್ತೆ. ಮಾರ್ಕ್ ಆ್ಯಸ್ ಫೈನಲ್ ಅಂತ ಒಂದಿದೆ, ಅದನ್ನ ಹಾಕಿದ್ರೆ ಪಕ್ಕದಲ್ಲೇ ಎಡಿಟ್ ಎನಿವೇ ಅಂತ ಬಟನ್ನೂ ಕೊಡತ್ತೆ ಪುಣ್ಯಾತ್ಮ. ಎಡಿಟ್ ಮಾಡಕ್ಕೆ ಮಾತ್ರ ಪಾಸ್‌ವರ್ಡ್ ಕೇಳೋ ವ್ಯವಸ್ಥೆಯಲ್ಲಿ ಫೈಲ್ ಎನ್‌ಕ್ರಿಪ್ಟ್ ಆಗಿರಲ್ಲ, ಗೊತ್ತಿರೋನು ಒಳಗಿನ ಒಂದು ಸಾಲು ಅಳಿಸಿದ್ರೆ ಮುಗೀತು. ಇನ್ನೊಂದು ವಿಷಯ ಕೇಳಿದ್ರೆ ನಿಮಗೆ ಬೇಜಾರಾಗತ್ತೆ, ಪಿಪಿಟಿಎಕ್ಸ್, ಅಂದ್ರೆ ನಿಮ್ಮ ಪವರ್‌ಪಾಯಿಂಟ್ ಫೈಲು, ಒಳಗಡೆ ಬರೀ ಜಿಪ್ ಫೈಲು, ಹಲವು ಫೈಲು ಸೇರಿಸಿ ಕಟ್ಟಿದ ಗಂಟು. ಒಂದು ಕಾಪಿ ಮಾಡಿ, ಹೆಸರಿನ ಕೊನೆಗೆ ಜಿಪ್ ಅಂತ ಬದಲಾಯಿಸಿ ತೆಗೆದು ನೋಡಿ, ಒಳಗೆ ಮೀಡಿಯಾ ಅಂತ ಫೋಲ್ಡರಲ್ಲಿ ನಿಮ್ಮ ಫೋಟೋ, ನಿಮ್ಮ ದನಿ ಎಲ್ಲ ಸಾಲಾಗಿ ಕೂತಿರತ್ತೆ. ಪಿಡಿಎಫ್ ಮಾಡಿದ್ರೆ? ಓಪನ್ ಮಾಡಕ್ಕೆ ಕೇಳೋ ಪಾಸ್‌ವರ್ಡ್ ಗಟ್ಟಿ, ಆದ್ರೆ ಪ್ರಿಂಟ್ ಮಾಡ್ಬೇಡಿ, ಕಾಪಿ ಮಾಡ್ಬೇಡಿ ಅನ್ನೋ ನಿರ್ಬಂಧ ಬರೀ ಮನವಿ ಇದ್ದ ಹಾಗೆ, ಪಿಡಿಎಫ್ ತೋರಿಸೋ ಸಾಫ್ಟ್‌ವೇರ್ ಮರ್ಯಾದಸ್ಥ ಆಗಿದ್ರೆ ಪಾಲಿಸತ್ತೆ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೆ ಪ್ರೆಸೆಂಟೇಶನ್ನನ್ನ ವಿಡಿಯೋ ಮಾಡಿ ಕೊಡ್ತಿದ್ದೆ. ಪವರ್‌ಪಾಯಿಂಟ್ 2013ರಿಂದ ಈಚೆಗೆ ಫೈಲ್, ಎಕ್ಸ್‌ಪೋರ್ಟ್, ಕ್ರಿಯೇಟ್ ವಿಡಿಯೋ ಅಂತ ಹೋದ್ರೆ ಎಂಪಿ4 ಅನ್ನೋ ವಿಡಿಯೋ ಫೈಲ್ ಆಗತ್ತೆ, ನಿಮ್ಮ ದನಿ, ಸ್ಲೈಡ್ ಬದಲಾಗೋ ಸಮಯ ಎಲ್ಲ ಇದ್ದ ಹಾಗೇ. ಇದು ಕಾಪಿ ಆಗಲ್ವಾ? ಆಗತ್ತೆ. ಆದ್ರೆ ಸ್ಲೈಡ್ ತೆಗೆದು ತಮ್ಮದು ಸೇರಿಸ್ಕೊಂಡು ಇದು ನಂದೇ ಅನ್ನೋದು ಕಷ್ಟ, ದನಿ ನಿಮ್ದು, ಪ್ರತಿ ಸ್ಲೈಡಲ್ಲೂ ಹೆಸರು ಇರತ್ತೆ. ನಿಮಗೆ ನಿಜವಾಗ್ಲೂ ಉರಿದಿದ್ದು 250 ರೂಪಾಯಿ ಹೋಗಿದ್ದಕ್ಕಲ್ಲ, ಹೆಸರು ಹೋಗಿದ್ದಕ್ಕೆ ಅಂತ ನಿಮ್ಮ ಪತ್ರ ಓದಿದ್ರೇ ಗೊತ್ತಾಗತ್ತೆ.

ವಿಡಿಯೋ ಮಾಡೋದ್ರಲ್ಲಿ ಕನ್ನಡದೋರಿಗೆ ಇನ್ನೊಂದು ಲಾಭ ಇದೆ. ನೀವು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಆ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ಪೂರ್ತಿ ಗೋಜಲು ಅಕ್ಷರ ಕಾಣತ್ತೆ. ಒಂದು ಲೆಕ್ಕದಲ್ಲಿ ಕನ್ನಡದ ಪ್ರೆಸೆಂಟೇಶನ್‌ಗಳಿಗೆ ಇಷ್ಟು ವರ್ಷ ಇದೇ ಕಾಪಿ ಪ್ರೊಟೆಕ್ಷನ್ ಆಗಿತ್ತು, ದುಡ್ಡು ಕೊಟ್ಟೋರಿಗೂ ಓದಕ್ಕಾಗ್ತಿರ್ಲಿಲ್ಲ! ವಿಡಿಯೋದಲ್ಲಿ ಅಕ್ಷರ ಚಿತ್ರ ಆಗಿಹೋಗಿರೋದ್ರಿಂದ ಆ ಗಲಾಟೆ ಇಲ್ಲ. ಒಂದು ಎಚ್ಚರ ಮಾತ್ರ, ಟಿವಿ ಪ್ಲೇಯರಲ್ಲಿ ಓಡೋ ಡಿವಿಡಿ ವಿಡಿಯೋ ಮಾಡಿಸ್ಬೇಡಿ, ಅದ್ರಲ್ಲಿ ಚಿತ್ರ 720ಕ್ಕೆ 576 ಚುಕ್ಕಿ ಅಷ್ಟೇ, ಸಣ್ಣ ಅಕ್ಷರದಲ್ಲಿ ಒತ್ತಕ್ಷರ ಎಲ್ಲ ಕಲಸಿ ಮೇಲೋಗರ ಆಗತ್ತೆ, ಕ್ಷ ಯಾವುದು ಕ್ಕ ಯಾವುದು ತಿಳಿಯಲ್ಲ. ಎಂಪಿ4ನ ಡೇಟಾ ಫೈಲಾಗೇ ಡಿಸ್ಕಿಗೆ ಹಾಕಿ. ಡಿವಿಡಿಲಿ 4.7 ಜಿಬಿ ಜಾಗ ಇದೆ, ಧಾರಾಳವಾಗಿ ಸಾಲತ್ತೆ.

ಫೋಟೋಗಳ ವಿಷಯ. ಕ್ಯಾಮೆರಾದಿಂದ ಬಂದ ದೊಡ್ಡ ಫೈಲುಗಳನ್ನ ಯಾವ ಕಾರಣಕ್ಕೂ ಡಿಸ್ಕಿಗೆ ಹಾಕ್ಬೇಡಿ, ಸ್ಲೈಡಿಗೆ ಸಣ್ಣದು ಮಾಡಿದ್ದು ಸಾಕು. ಪ್ರೊಜೆಕ್ಟರಿಗೆ 1280 ಚುಕ್ಕಿ ಅಗಲ ಬೇಕಾದಷ್ಟಾಯ್ತು, ಅದನ್ನ ಕದ್ದು ಯಾರೂ ಕ್ಯಾಲೆಂಡರ್ ಪ್ರಿಂಟ್ ಹಾಕ್ಸಕ್ಕಾಗಲ್ಲ. ದೊಡ್ಡ ಒರಿಜಿನಲ್ ನಿಮ್ಮ ಹತ್ರ ಮಾತ್ರ ಇರೋದು ನಾಳೆ ಜಗಳ ಬಂದ್ರೆ ಸಾಕ್ಷಿನೂ ಆಗತ್ತೆ, ಎದುರಿನೋನ ಹತ್ರ ಅದು ಇರಲ್ಲವಲ್ಲ. ಹಾಗೇ ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ, 180 ಸ್ಲೈಡಲ್ಲಿರೋ ಫೋಟೋ ಎಲ್ಲ ನೀವೇ ತೆಗೆದಿದ್ದಾ? ಗೂಗಲ್ಲಿಂದ ಹತ್ತಿಪ್ಪತ್ತು ಇಳಿಸ್ಕೊಂಡಿದ್ರೆ, ಹಿನ್ನೆಲೆಗೆ ಯಾವ್ದೋ ಸಿನಿಮಾ ಹಾಡಿನ ಕೊಳಲು ಹಾಕಿದ್ರೆ, ಮೊದ್ಲು ಅದನ್ನ ಬದಲಾಯಿಸಿ, ಆಮೇಲೆ ಕಳ್ಳನ ಹುಡುಕಕ್ಕೆ ಹೊರಡಿ.

ಇನ್ನು ನಾನು ತುಂಬಾ ನಂಬೋ ಉಪಾಯ, ಪ್ರತಿ ಕಾಪಿ ಮೇಲೂ ತಗೊಂಡೋರ ಹೆಸರು. "ಈ ಪ್ರತಿ ಇಂಥಾ ಊರಿನ ಇಂಥಾ ಪ್ರೌಢಶಾಲೆಗೆ" ಅಂತ ಪ್ರತಿ ಸ್ಲೈಡಿನ ಒಳಗೆ, ಕತ್ತರಿಸಿ ಹಾಕಕ್ಕಾಗದ ಜಾಗದಲ್ಲಿ, ಮಸುಕಾಗಿ. ಮೂಲೇಲಿ ಬೇಡ, ಮೂಲೆ ಕತ್ತರಿಸ್ತಾರೆ, ಚಿತ್ರದ ಮೇಲೇ ಎಲೆಯ ಅಂಚಿಗೆ ತಾಗೋ ಹಾಗೆ ಇರ್ಲಿ. ಪವರ್‌ಪಾಯಿಂಟಲ್ಲಿ ಸ್ಲೈಡ್ ಮಾಸ್ಟರಲ್ಲಿ ಒಂದು ಸಲ ಬದಲಾಯಿಸಿದ್ರೆ 180ಕ್ಕೂ ಬರತ್ತೆ, ಆದ್ರೆ ಸ್ಲೈಡ್ ತುಂಬ ಫೋಟೋ ಇದ್ರೆ ಮಾಸ್ಟರಲ್ಲಿ ಬರೆದಿದ್ದು ಅದ್ರ ಹಿಂದೆ ಮುಚ್ಚಿಹೋಗತ್ತೆ, ಅಂಥ ಸ್ಲೈಡುಗಳಿಗೆ ಫೋಟೋ ಮೇಲೇ ಹಾಕ್ಬೇಕು. ಒಂದು ಶಾಲೆಗೆ ಒಂದು ವಿಡಿಯೋ ಎಕ್ಸ್‌ಪೋರ್ಟ್, ರಾತ್ರಿ ಹಾಕಿ ಮಲ್ಕೊಳಿ ಬೆಳಿಗ್ಗೆ ಆಗಿರತ್ತೆ. ಹೆಡ್‌ಮಾಸ್ಟರು ತಮ್ಮ ಶಾಲೆ ಹೆಸರು ಎಲ್ಲಾ ಸ್ಲೈಡಲ್ಲೂ ಕಂಡ್ರೆ ಖುಷಿ ಪಡ್ತಾರೆ, ಅದೇ ಹೆಸರಿರೋ ಕಾಪಿನ ಪಕ್ಕದೂರಿಗೆ ಕೊಡಕ್ಕೆ ಕೈ ಸ್ವಲ್ಪ ಹಿಂದೆ ಬರತ್ತೆ.

ಕಣ್ಣಿಗೆ ಬೀಳದ ಗುರುತೂ ಹಾಕ್ಬೋದು. ಆರು ಸ್ಲೈಡ್ ಆರಿಸ್ಕೊಳಿ, ಒಂದೊಂದ್ರಲ್ಲೂ ಒಂದು ಸಣ್ಣ ವ್ಯತ್ಯಾಸ ಎರಡು ರೀತಿ, ಒಂದು ಕಡೆ "ಹೂ ಬಿಡುವ ಕಾಲ" ಇನ್ನೊಂದು ಕಡೆ "ಹೂಬಿಡುವ ಕಾಲ", ಒಂದ್ರಲ್ಲಿ ಪೂರ್ಣವಿರಾಮ ಇದೆ ಒಂದ್ರಲ್ಲಿ ಇಲ್ಲ, ಹೀಗೆ. ಆರು ಎರಡುಗಳನ್ನ ಒಂದಕ್ಕೊಂದು ಗುಣಿಸಿದ್ರೆ 64, ನಿಮ್ಮ 60 ಶಾಲೆಗೂ ಬೇರೆ ಬೇರೆ ಗುರುತು ಆಯ್ತು, ಒಂದು ನೋಟ್‌ಬುಕ್ಕಲ್ಲಿ ಯಾರಿಗೆ ಯಾವುದು ಅಂತ ಬರೆದಿಟ್ರೆ ಸಾಕು. ಕೆಲವು ಸ್ಲೈಡ್ ಕಿತ್ತು ಹಾಕಿರ್ತಾರೆ ಅನ್ನೋ ಲೆಕ್ಕಕ್ಕೆ ಹನ್ನೆರಡು ಹದಿನೈದು ಕಡೆ ಹಾಕಿ. ನಕ್ಷೆ ಮಾಡೋರು ಇಲ್ಲದ ಬೀದಿಯೊಂದನ್ನ ನಕ್ಷೇಲಿ ಸೇರಿಸ್ತಿದ್ರಲ್ಲ ಕದ್ದೋರನ್ನ ಹಿಡಿಯಕ್ಕೆ, ಅದೇ ಜಾತಿ ಉಪಾಯ. ಗಿಡದ ಹೆಸರಲ್ಲಿ, ಕುಟುಂಬದಲ್ಲಿ ಮಾತ್ರ ಬೇಕಂತ ತಪ್ಪು ಹಾಕ್ಬೇಡಿ, ಮಕ್ಕಳು ಅದನ್ನೇ ಕಲಿತುಬಿಡ್ತಾರೆ. ಗುರುತು ಕೆಲ್ಸ ಮಾಡತ್ತೆ ಅನ್ನಕ್ಕೆ ಆಸ್ಕರ್‌ನವರ ಉದಾಹರಣೆ ಇದೆ: ಓಟು ಹಾಕೋ ಸದಸ್ಯರಿಗೆ ಸಿನಿಮಾದ ಕ್ಯಾಸೆಟ್ ಕಳಿಸ್ತಿದ್ರು, ಅದ್ರಲ್ಲಿ ಗುಟ್ಟಾದ ಗುರುತು. ಇಂಟರ್ನೆಟ್ಟಿಗೆ ಬಂದ ಕಾಪಿಯ ಗುರುತು ಹಿಡ್ಕೊಂಡು ಹೋದ್ರೆ ಕಾರ್ಮೈನ್ ಕರಿಡಿ ಅನ್ನೋ ನಟನ ಹತ್ರ ಬಂದು ನಿಲ್ತು, 2004ರಲ್ಲಿ ಅಕಾಡೆಮಿಯಿಂದ ಹೊರಗೆ ಹಾಕಿದ್ರು ಅವರನ್ನ.

ಶಾಲೆಯವರು ಐದು ಕ್ಲಾಸಿನ ಕಂಪ್ಯೂಟರಿಗೆ ಹಾಕ್ಕೊಂಡ್ರೆ ಅದನ್ನ ಕಳ್ಳತನ ಅನ್ಬೇಡಿ. ಕಾನೂನೂ ನಿಮ್ಮ ಕಡೆ ಪೂರ್ತಿ ಇಲ್ಲ ಅಲ್ಲಿ, ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನು ಮೇಷ್ಟ್ರು ಪಾಠ ಮಾಡುವಾಗ ಮಾಡ್ಕೊಳೋ ನಕಲಿಗೆ ಸಡಿಲಿಕೆ ಕೊಡತ್ತೆ, 2016ರಲ್ಲಿ ದೆಹಲಿ ಯೂನಿವರ್ಸಿಟಿಯ ಜೆರಾಕ್ಸ್ ಅಂಗಡಿ ಕೇಸಲ್ಲಿ ದೆಹಲಿ ಹೈಕೋರ್ಟು ಅದನ್ನ ಸಾಕಷ್ಟು ಧಾರಾಳವಾಗೇ ಓದ್ತು. ಅದ್ರ ಬದಲು "ಒಂದು ಶಾಲೆ, ಎಷ್ಟು ಕಂಪ್ಯೂಟರ್ ಆದ್ರೂ ಸರಿ, 400 ರೂಪಾಯಿ" ಅಂತ ನೀವೇ ಬರೆದುಬಿಡಿ. ಎಷ್ಟೋ ಲ್ಯಾಪ್‌ಟಾಪಲ್ಲಿ ಈಗ ಡಿಸ್ಕ್ ಡ್ರೈವೇ ಇರಲ್ಲ, ಪೆನ್‌ಡ್ರೈವಿಗೆ ಹಾಕ್ಕೊಳ್ದೆ ಬೇರೆ ದಾರಿ ಇಲ್ಲ ಅವರಿಗೆ. ಮತ್ತೆ ನಿಮ್ಮ ಮಲೆನಾಡ ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯೋದು ನಿಮಗೆ ನಾನು ಹೇಳ್ಬೇಕಾ, ಒಂದು ಬ್ಯಾಕಪ್ ಇಟ್ಕೊಳಿ ಅಂತ ನೀವೇ ಹೇಳಿದ್ರೆ ಮರ್ಯಾದೆ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಕಾಪಿರೈಟು ನೀವು ಮಾಡಿದ ಕ್ಷಣದಿಂದ ನಿಮ್ದೇ, ರಿಜಿಸ್ಟರ್ ಮಾಡಿಸ್ಬೇಕು ಅಂತಿಲ್ಲ, ಮಾಡಿಸಿದ್ರೆ ಕೋರ್ಟಲ್ಲಿ ಮೊದಲ ನೋಟಕ್ಕೆ ಸಾಕ್ಷಿ ಅಂತ ಒಪ್ತಾರೆ. ಬರಹದ ಕೃತಿ ಅಂತ ಮಾಡಿಸಿದ್ರೆ ಫೀಸು 500, ಸಿನಿಮಾಟೋಗ್ರಾಫ್ ಫಿಲ್ಮ್ ಅಂತ ಮಾಡಿಸಿದ್ರೆ 5,000, ನೀವು ಸ್ಲೈಡಿನ ಬರಹಕ್ಕೆ ಮೊದಲನೇದನ್ನ ಮಾಡ್ಸಿ ಸಾಕು. ರಿಟೈರ್ ಆದ್ಮೇಲೆ ಮಾಡಿದ್ದು ಅಂದ್ರಲ್ಲ, ಅದೂ ಒಳ್ಳೇದೇ ಆಯ್ತು, ನೌಕರೀಲಿ ಇದ್ದಾಗ ಕೆಲಸದ ಭಾಗವಾಗಿ ಮಾಡಿದ್ರೆ ಹಕ್ಕು ಕೆಲಸ ಕೊಟ್ಟೋರಿಗೆ ಹೋಗೋ ಸಾಧ್ಯತೆ ಇತ್ತು. 2012ರ ತಿದ್ದುಪಡೀಲಿ ಎರಡು ಸೆಕ್ಷನ್ ಬಂದಿವೆ, 65ಎ ಬೀಗ ಒಡೆಯೋದ್ರ ಬಗ್ಗೆ, 65ಬಿ ಕೃತಿಯ ಮೇಲಿರೋ ಹಕ್ಕಿನ ಮಾಹಿತಿ, ಅಂದ್ರೆ ಲೇಖಕರ ಹೆಸರು ಇತ್ಯಾದಿ ಅಳಿಸೋದ್ರ ಬಗ್ಗೆ, ಎರಡಕ್ಕೂ 2 ವರ್ಷದ ತನಕ ಜೈಲು, ದಂಡ. ನಿಮಗೆ ಆಗಿರೋದು ಈ 65ಬಿಗೆ ಹತ್ತಿರ. (ಸಾಕ್ಷ್ಯ ಕಾಯ್ದೇಲೂ ಒಂದು 65ಬಿ ಇತ್ತು, ಎಲೆಕ್ಟ್ರಾನಿಕ್ ದಾಖಲೆಗೆ ಸರ್ಟಿಫಿಕೇಟ್ ಕೊಡೋದ್ರ ಬಗ್ಗೆ, ವಕೀಲರ ಹತ್ರ ಮಾತಾಡುವಾಗ ಯಾವ ಕಾಯ್ದೆ ಅಂತ ಸೇರಿಸಿ ಹೇಳಿ, ಇಲ್ಲಾಂದ್ರೆ ಅವರು ಒಂದು ಹೇಳ್ತಾರೆ ನೀವೊಂದು ಕೇಳ್ತೀರ.) 57ನೇ ಸೆಕ್ಷನ್ನು ಕೃತಿ ನಂದು ಅಂತ ಹೇಳ್ಕೊಳೋ ಹಕ್ಕನ್ನ ಕೊಡತ್ತೆ, ನೀವು ಕಾಪಿರೈಟ್ ಮಾರ್ಕೊಂಡ್ರೂ ಅದು ನಿಮ್ಮ ಹತ್ರಾನೇ ಉಳಿಯತ್ತೆ.

ಆದ್ರೆ ಆ ಮೇಷ್ಟ್ರ ಮೇಲೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತೋದಕ್ಕೆ ಮುಂಚೆ ಒಂದು ಕೆಲ್ಸ ಮಾಡಿ. ತರಬೇತೀಲಿ ಫೈಲುಗಳನ್ನ ಎಲ್ಲರಿಗೂ ಹಂಚೋ ರೂಢಿ ಇರತ್ತಲ್ಲ, ಅವರು ತೋರಿಸಿದ ಫೈಲ್ ಯಾರ ಹತ್ರಾದ್ರೂ ಸಿಕ್ಕೇ ಸಿಗತ್ತೆ. ಅದ್ರ ಮೇಲೆ ಮೌಸಿನ ಬಲ ಬಟನ್ ಒತ್ತಿ ಪ್ರಾಪರ್ಟೀಸ್, ಡೀಟೇಲ್ಸ್ ನೋಡಿ. ಆಥರ್ ಅನ್ನೋ ಕಡೆ ಮೊದಲು ಫೈಲ್ ಮಾಡಿದೋರ ಹೆಸರು, ಲಾಸ್ಟ್ ಸೇವ್ಡ್ ಬೈ ಅನ್ನೋ ಕಡೆ ಕೊನೇಲಿ ಮುಟ್ಟಿದೋರ ಹೆಸರು ಇರತ್ತೆ. ಮೊದಲ ಪುಟ ತೆಗೆಯೋರು ಇದನ್ನ ತೆಗೆಯಕ್ಕೆ ಹೋಗಲ್ಲ, ಇಷ್ಟು ವರ್ಷದಲ್ಲಿ ನಾನು ನೋಡಿದ ಕದ್ದ ಫೈಲುಗಳಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. ನಿಮ್ಮ ಹೆಸರು ಅಲ್ಲಿ ಇದ್ರೆ ಫೋಟೋ ತೆಗೆದಿಟ್ಕೊಂಡು, ಅವರಿಗೇ ಫೋನ್ ಮಾಡಿ, ಜಗಳ ಬೇಡ, "ಮೇಷ್ಟ್ರೇ, ಆ ಪ್ರೆಸೆಂಟೇಶನ್ ಪ್ರಾಪರ್ಟೀಸ್ ಒಂದ್ಸಲ ತೆಗೆದು ನೋಡಿ, ನಾನು ಲೈನಲ್ಲೇ ಇರ್ತೀನಿ" ಅನ್ನಿ.